ಇಳಿವಯಸ್ಸಿನ ಜೊತೆ, ಗಾಲಿಯ ಮೇಲಿನ ಮನೆ

ನಮ್ಮ ಸದಸ್ಯ ಬಾಂಧವರಲ್ಲಿ ಮಗನ ಮನೆಗೋ ಮಗಳ ಬಾಣಂತನಕ್ಕೋ ಅಮೆರಿಕಕ್ಕೆ ಹೋಗಿಬಂದವರು ಸಾಕಷ್ಟು ಮಂದಿ ಇದ್ದಾರೆ. ಅಲ್ಲಿನ ಹೆದ್ದಾರಿಗಳಲ್ಲಿ ದೊಡ್ಡ ಪಿಕಪ್ ವಾಹನದ ಹಿಂದೆ, ಕಿಟಕಿ ಬಾಗಿಲುಗಳುಳ್ಳ ಉದ್ದನೆಯ ಪೆಟ್ಟಿಗೆಯೊಂದು ಉರುಳಿಹೋಗುವುದನ್ನು ಅವರು ಕಂಡಿರಲೇಬೇಕು. ಅದೇ ಟ್ರಾವೆಲ್ ಟ್ರೈಲರ್. ನಮ್ಮಲ್ಲಿ ಟ್ರೈಲರ್ ಎಂದರೆ ಗೊಬ್ಬರ, ಅಡಿಕೆ ಗೊನೆ, ಕಾಫಿ ಮೂಟೆ ಸಾಗಿಸುವ ಸಾಧನ. ಅಲ್ಲಿ ಅದರೊಳಗೆ ಒಲೆ, ಹಾಸಿಗೆ, ನೀರಿನ ತೊಟ್ಟಿ, ಶೌಚಾಲಯ ಎಲ್ಲವೂ ಇರುತ್ತವೆ. ಎಳೆಯುವ ವಾಹನದ ಸ್ಟಿಯರಿಂಗ್ ಹಿಡಿದವರ ತಲೆ ಎಷ್ಟೋ ಬಾರಿ ಪೂರ್ತಿ ನರೆತಿರುತ್ತದೆ.

ಹೀಗೆ ಹೊರಟವರೆಲ್ಲ ಹಳೆಯ ದಂಪತಿಗಳೇ ಎಂದು ತಿಳಿಯಬೇಕಾಗಿಲ್ಲ. ಬಾಳಸಂಗಾತಿಯನ್ನು ಕಳೆದುಕೊಂಡೋ ವಿಚ್ಛೇದನ ಪಡೆದೋ ಒಂಟಿಯಾಗಿದ್ದು, ಅರವತ್ತರ ಆಚೆ ಇನ್ನೊಬ್ಬರ ಮೇಲೆ ಮನಸ್ಸಿಟ್ಟು, ಮನೆ ಮಾರಿ, ಇಬ್ಬರೂ ಕೂಡಿ ದೇಶ ಸುತ್ತಲು ಹೊರಟವರೂ ಅವರಲ್ಲಿದ್ದಾರೆ. ಆ ದೇಶದಲ್ಲಿ 1990 ಮತ್ತು 2010ರ ನಡುವೆ ಐವತ್ತು ದಾಟಿದವರ ವಿಚ್ಛೇದನದ ಪ್ರಮಾಣ ಇಮ್ಮಡಿಯಾಯಿತು. ಆದ್ದರಿಂದ ಮುಪ್ಪಿನಲ್ಲಿ ಒಂಟಿಯಾದವರ, ಮತ್ತೆ ಜೊತೆ ಹುಡುಕುವವರ ಸಂಖ್ಯೆ ಸಣ್ಣದಲ್ಲ.

“ಈ ವಯಸ್ಸಿನಲ್ಲಿ ಇದೆಂಥ ಹುಚ್ಚು?” ಎಂದು ನಮ್ಮ ಹಿರಿಯರು ಕೇಳಿಯಾರು. ಅವರ ಬಾಳುವೆಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಹುಚ್ಚಿಗಿಂತ ಲೆಕ್ಕಾಚಾರವೇ ಹೆಚ್ಚಾಗಿ ಕಾಣುತ್ತದೆ. ಇಳಿವಯಸ್ಸಿನ ಪ್ರೀತಿ ನೆಮ್ಮದಿಯಿಂದ ಸಾಗಬೇಕಾದರೆ ಹಣ, ಆಸ್ತಿ, ಆರೋಗ್ಯ ಇವುಗಳ ಲೆಕ್ಕ ಮೊದಲು ಚೊಕ್ಕಟವಾಗಿರಬೇಕು ಎಂಬುದು ಅವರು ಅನುಭವದಿಂದ ಕಲಿತ ಪಾಠ.

ಒಂಟಿಗಳ ಸಂಘ

ಟ್ರೈಲರ್ ಪ್ರವಾಸ ಅಲ್ಲಿ ಇಂದು ನಿನ್ನೆಯದಲ್ಲ. ವಾಲಿ ಬೈಯಮ್ ಎಂಬಾತ 1936ರಲ್ಲೇ ಅಲ್ಯೂಮಿನಿಯಂ ಹೊದಿಕೆಯ ‘ಏರ್‌ಸ್ಟ್ರೀಮ್ ಕ್ಲಿಪ್ಪರ್’ ಟ್ರೈಲರನ್ನು ಮಾರುಕಟ್ಟೆಗೆ ತಂದ. 1959-60ರಲ್ಲಿ ಇಂಥ ಟ್ರೈಲರುಗಳ ಸಾಲನ್ನೇ ಕಟ್ಟಿಕೊಂಡು ಆಫ್ರಿಕದ ದಕ್ಷಿಣದ ಕೇಪ್‌ಟೌನಿನಿಂದ ಉತ್ತರದ ಕೈರೋವರೆಗೆ ಪ್ರವಾಸಿಗರನ್ನು ಕರೆದೊಯ್ದ.

1970ರ ಸುಮಾರಿಗೆ ಈಡಿತ್ ಲೇನ್ ಎಂಬ ಮಹಿಳೆಯ ಮುಂದಾಳತ್ವದಲ್ಲಿ ‘ಲೋನರ್ಸ್ ಆನ್ ವೀಲ್ಸ್’ ಎಂಬ ಸಂಘ ಹುಟ್ಟಿತು. ‘ಗಾಲಿಯ ಮೇಲಿನ ಒಂಟಿಗಳು’ ಎಂದು ಅದರ ಅರ್ಥ. ಒಬ್ಬೊಬ್ಬರೇ ಗಾಡಿ ಓಡಿಸಿಕೊಂಡು ಬಂದವರು ಒಂದೆಡೆ ಬಿಡಾರ ಹೂಡುವುದು, ಕೂಡಿ ಉಣ್ಣುವುದು, ನಾಲ್ಕು ದಿನ ಕಳೆದು ಮುಂದೆ ಸಾಗುವುದು ಅದರ ರೀತಿ. ಆ ಸಂಘದ ಒಂದು ನಿಯಮ ಸ್ವಾರಸ್ಯಕರವಾದುದು: ಸದಸ್ಯರು ಮದುವೆಯಾದರೆ ಅಥವಾ ಜೋಡಿಯಾಗಿ ಬಾಳತೊಡಗಿದರೆ ಅವರ ಸದಸ್ಯತ್ವ ಅಲ್ಲಿಗೆ ಮುಗಿಯಿತು! ಕೇಳಲು ತಮಾಷೆಯಾಗಿದ್ದರೂ ಇದರಲ್ಲಿ ಒಂದು ಕಷ್ಟ ಅಡಗಿದೆ. ಒಂಟಿತನದ ದಿನಗಳಲ್ಲಿ ಕೈಹಿಡಿದ ಗೆಳೆಯರ ಬಳಗವನ್ನು ಬಿಟ್ಟುಕೊಟ್ಟೇ ಹೊಸ ಜೊತೆಯನ್ನು ಪಡೆಯಬೇಕು. ಹಾಗಾಗಿ ಹೆಜ್ಜೆ ಇಡುವ ಮೊದಲು ಯೋಚಿಸುವುದು ಅನಿವಾರ್ಯ.

ಇಂಥ ಪರಿಚಯಗಳು ಬೆಳೆಯುವ ತಾಣಗಳಲ್ಲಿ ಅರಿಜೋನ ಮರುಭೂಮಿಯ ಕ್ವಾರ್ಟ್ಸೈಟ್ ಒಂದು. ಎರಡು ಮೂರು ಸಾವಿರ ಜನವಸತಿಯ ಸಣ್ಣ ಊರು. ಉತ್ತರದಲ್ಲಿ ಹಿಮ ಬೀಳತೊಡಗಿದಾಗ ಸಾವಿರಾರು ಟ್ರೈಲರುಗಳು ಅಲ್ಲಿಗೆ ಇಳಿಯುತ್ತವೆ. ಸರ್ಕಾರಿ ಜಮೀನಿನಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಶುಲ್ಕ ಕೊಟ್ಟು ತಂಗುವ ವ್ಯವಸ್ಥೆ 1983ರಿಂದ ಇದೆ. ಪಕ್ಕದ ಬಿಡಾರದವರು ಯಾರು, ಎಂಥವರು ಎಂದು ತಿಳಿಯಲು ಒಂದು ಚಳಿಗಾಲ ಸಾಕಷ್ಟು ದೀರ್ಘವೇ.

ಪಿಂಚಣಿಯ ತೊಡಕು

ಅಮೆರಿಕದಲ್ಲಿ ದುಡಿದವರಿಗೆ ‘ಸೋಷಿಯಲ್ ಸೆಕ್ಯೂರಿಟಿ’ ಎಂಬ ಸರ್ಕಾರಿ ಪಿಂಚಣಿಯುಂಟು. ಗಂಡ ತೀರಿಕೊಂಡರೆ ಆತನ ದುಡಿಮೆಯ ಲೆಕ್ಕದಲ್ಲಿ ವಿಧವೆಗೂ ಹಣ ಬರುತ್ತದೆ. ಹಿಂದೆ ಅರವತ್ತರ ನಂತರ ಮರುಮದುವೆಯಾದ ವಿಧವೆಗೂ ಈ ಹಣದಲ್ಲಿ ಕಡಿತವಾಗುತ್ತಿತ್ತು. ಹಣ ಕಳೆದುಕೊಳ್ಳಲಾಗದೆ, ಮದುವೆಯಾಗದೆಯೇ ಒಟ್ಟಿಗೆ ಇದ್ದ ವೃದ್ಧರ ಸಂಗತಿ 1970ರ ದಶಕದಲ್ಲಿ ಅಲ್ಲಿ ದೊಡ್ಡ ಚರ್ಚೆಯಾಗಿತ್ತು. ಮೊಮ್ಮಕ್ಕಳ ಎದುರು ಹಾಗಿರಲು ನಾಚಿಕೆ, ಮದುವೆಯಾದರೆ ಊಟಕ್ಕೆ ಕೊರತೆ. ಈ ಇಕ್ಕಟ್ಟನ್ನು ಅರಿತು 1977ರಲ್ಲಿ ಕಾನೂನು ತಿದ್ದಲಾಯಿತು. 1979ರ ಜನವರಿಯಿಂದ ಕಡಿತ ನಿಂತಿತು. ಈಗಿನ ನಿಯಮದಂತೆ ಅರವತ್ತು ತುಂಬಿದ ಮೇಲೆ ಮರುಮದುವೆಯಾದರೆ ಆ ಹಣಕ್ಕೆ ಧಕ್ಕೆಯಿಲ್ಲ. ಅದಕ್ಕೆ ಮೊದಲೇ ಆದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಐವತ್ತೊಂಬತ್ತರಲ್ಲಿ ಮನಸ್ಸು ಕೂಡಿದವರು ಒಂದು ವರ್ಷ ಕಾಯುವುದು ಇದೇ ಕಾರಣದಿಂದ.

ಎರಡನೆಯ ಪ್ರಶ್ನೆ ಮಕ್ಕಳದು. ಅಪ್ಪನ ಆಸ್ತಿ ಯಾರ ಪಾಲಾಗುತ್ತದೋ ಎಂಬ ಚಿಂತೆ ಎಲ್ಲ ದೇಶಗಳಲ್ಲೂ ಒಂದೇ. ವಿವೇಕಿಗಳಾದವರು ಮದುವೆಗೆ ಮುಂಚೆಯೇ ವಕೀಲರ ಮುಂದೆ ಕುಳಿತು, ಯಾರದು ಯಾರಿಗೆ ಎಂದು ಕರಾರು ಬರೆಸಿ, ವಿಲ್ ಮಾಡಿ, ಅದನ್ನು ಮಕ್ಕಳಿಗೂ ತಿಳಿಸಿಬಿಡುತ್ತಾರೆ.

ಇಕ್ಕಟ್ಟಿನ ಸಂಸಾರ

ಎಂಟು ಅಡಿ ಅಗಲ, ಇಪ್ಪತ್ತರಿಂದ ಮೂವತ್ತು ಅಡಿ ಉದ್ದದ ಜಾಗದಲ್ಲಿ ಇಬ್ಬರು ಬದುಕುವುದು ಸುಲಭವಲ್ಲ. ಒಬ್ಬರು ಬೆಳಗಿನ ನಾಲ್ಕಕ್ಕೆ ಏಳುವವರು, ಇನ್ನೊಬ್ಬರು ಎಂಟರವರೆಗೆ ಮಲಗುವವರು. ಮುನಿಸಿಕೊಂಡು ಹೋಗಲು ಇನ್ನೊಂದು ಕೋಣೆಯಿಲ್ಲ. ನೀರು ತುಂಬಿಸುವುದು, ಕೊಳಚೆ ತೊಟ್ಟಿಯನ್ನು ನಿಗದಿತ ಜಾಗದಲ್ಲಿ ಖಾಲಿ ಮಾಡುವುದು ಇವು ಯಾರ ಕೆಲಸವೆಂದು ಮೊದಲ ವಾರದಲ್ಲೇ ತೀರ್ಮಾನವಾಗಬೇಕು.

ಟ್ರೈಲರಿಗೆ ಹೇರುವ ಕ್ರಮವೂ ಇದೆ. ಒಟ್ಟು ತೂಕದಲ್ಲಿ ಶೇಕಡಾ 10ರಿಂದ 15ರಷ್ಟು ಭಾರ ಮುಂದಿನ ಕೊಂಡಿಯ ಮೇಲೆ ಬೀಳಬೇಕು. 3000 ಕಿಲೋ ಟ್ರೈಲರಾದರೆ 300ರಿಂದ 450 ಕಿಲೋ. ಭಾರ ಹಿಂದಕ್ಕೆ ಹೆಚ್ಚಾದರೆ ವೇಗದಲ್ಲಿ ಟ್ರೈಲರ್ ಬಾಲ ಬೀಸತೊಡಗಿ ಎಳೆಯುವ ವಾಹನವನ್ನೂ ಉರುಳಿಸೀತು. ಗಂಡನೊಬ್ಬನೇ ಗಾಡಿ ಓಡಿಸುವುದು, ಹೆಂಡತಿ ಅಡಿಗೆಗೆ ಮಾತ್ರ ಎಂಬ ಪದ್ಧತಿಯೂ ಇಲ್ಲಿ ಅಪಾಯಕರ. ಊರಿಂದ ಸಾವಿರ ಮೈಲು ದೂರದಲ್ಲಿ ಒಬ್ಬರಿಗೆ ಎದೆನೋವು ಬಂದರೆ ಇನ್ನೊಬ್ಬರು ಕೊಂಡಿ ಕಳಚಿ ವಾಹನ ಓಡಿಸಿ ಆಸ್ಪತ್ರೆ ಸೇರಿಸಬೇಕು. ಇಬ್ಬರಿಗೂ ಎಲ್ಲ ಕೆಲಸ ಬರಬೇಕು.

ಬೀಟ್ ಸುಗ್ಗಿಯಲ್ಲಿ

ಎಲ್ಲರೂ ವಿಹಾರಕ್ಕಾಗಿಯೇ ಹೊರಟವರಲ್ಲ. 2008ರ ಆರ್ಥಿಕ ಕುಸಿತದಲ್ಲಿ ಮನೆ ಕಳೆದುಕೊಂಡು ಗಾಡಿಯನ್ನೇ ಮನೆ ಮಾಡಿಕೊಂಡ ವೃದ್ಧರ ಕಥೆಯನ್ನು ಜೆಸಿಕಾ ಬ್ರೂಡರ್ 2017ರಲ್ಲಿ ‘ನೊಮ್ಯಾಡ್‌ಲ್ಯಾಂಡ್’ ಪುಸ್ತಕದಲ್ಲಿ ಬರೆದರು. ಅದನ್ನಾಧರಿಸಿದ ಚಿತ್ರಕ್ಕೆ 2021ರಲ್ಲಿ ಆಸ್ಕರ್ ದೊರೆಯಿತು. ಪಿಂಚಣಿ ಸಾಲದ ಇಂಥವರು ಊರೂರು ತಿರುಗಿ ಕೂಲಿ ಮಾಡುತ್ತಾರೆ.

ಅವರು ಸೇರುವ ಸುಗ್ಗಿಗಳಲ್ಲಿ ಒಂದು ನಮಗೆ ವಿಶೇಷವಾಗಿ ಗಮನಾರ್ಹ. ಮಿನ್ನೆಸೋಟ ಮತ್ತು ಉತ್ತರ ಡಕೋಟ ನಡುವಿನ ರೆಡ್ ರಿವರ್ ಕಣಿವೆಯಲ್ಲಿ ಸಕ್ಕರೆ ಬೀಟ್ ಗಡ್ಡೆ ಬೆಳೆಯುತ್ತಾರೆ. ಅಲ್ಲಿನ ‘ಅಮೆರಿಕನ್ ಕ್ರಿಸ್ಟಲ್ ಶುಗರ್’ ಕಾರ್ಖಾನೆಗಳನ್ನು ಬೆಳೆಗಾರರೇ ಒಟ್ಟಾಗಿ 1973ರಲ್ಲಿ ಕೊಂಡುಕೊಂಡು ಸಹಕಾರಿಯಾಗಿ ನಡೆಸುತ್ತ ಬಂದಿದ್ದಾರೆ. ಅಕ್ಟೋಬರ್ ಮೊದಲ ವಾರ ಸುಗ್ಗಿ ಬಿರುಸಾದಾಗ ಟ್ರೈಲರ್ ದಂಪತಿಗಳು ಅಲ್ಲಿ ಬಂದು ನಿಲ್ಲುತ್ತಾರೆ. ಹನ್ನೆರಡು ಗಂಟೆಯ ಪಾಳಿ, ಕೊರೆಯುವ ಚಳಿ, ಲಾರಿಗಳಿಂದ ಗಡ್ಡೆ ಇಳಿಸಿ ರಾಶಿ ಹಾಕುವ ಕೆಲಸ. ಸುಗ್ಗಿಗೆ ಆಳು ಸಿಗದ ಕಷ್ಟ ನಮಗೆ ಹೊಸದಲ್ಲ. ಆದರೆ ಎಪ್ಪತ್ತರ ಹೊಸ ಜೋಡಿಯೊಂದು ಮುಂದಿನ ಆರು ತಿಂಗಳ ಪೆಟ್ರೋಲಿಗಾಗಿ ಹೀಗೆ ಅಕ್ಕಪಕ್ಕ ನಿಂತು ದುಡಿಯುವುದನ್ನು ನೆನೆದರೆ, ಅವರ ಪ್ರೀತಿ ಬರೀ ಶೋಕಿಯದಲ್ಲ ಎಂದು ಮನವರಿಕೆಯಾಗುತ್ತದೆ.

ಕೊನೆಗೊಂದು ದಿನ ಒಬ್ಬರು ಗಾಡಿ ಓಡಿಸಲಾರದಂತಾಗುತ್ತಾರೆ. ಜೋ ಮತ್ತು ಕೇ ಪೀಟರ್‌ಸನ್ ದಂಪತಿಗಳು 1978ರಲ್ಲಿ ಆರಂಭಿಸಿದ ‘ಎಸ್ಕೇಪೀಸ್’ ಸಂಘ ಈ ಚಿಂತೆಗೆ ಒಂದು ಉತ್ತರ ಕಂಡುಕೊಂಡಿತು. ಟೆಕ್ಸಸ್‌ನ ಲಿವಿಂಗ್‌ಸ್ಟನ್ನಿನಲ್ಲಿ ಸದಸ್ಯರು ತಮ್ಮ ಟ್ರೈಲರಿನಲ್ಲೇ ಉಳಿದುಕೊಂಡು, ಊಟ ಮತ್ತು ಆರೈಕೆ ಪಡೆಯುವ ಏರ್ಪಾಡನ್ನು ಅದು ಮಾಡಿತು. ತಮ್ಮ ಮನೆ ಬಿಡದೆ, ಜೊತೆಗಾರರನ್ನು ಅಗಲದೆ ಕೊನೆಯ ದಿನಗಳನ್ನು ಕಳೆಯಲು ಇದರಿಂದ ಸಾಧ್ಯವಾಯಿತು.

ನಮ್ಮ ಮಾತು

ನಮ್ಮ ತೋಟಗಳು ಗಾಲಿಯ ಮೇಲೆ ಹೋಗುವಂಥವಲ್ಲ. ಆದರೆ ಮಕ್ಕಳು ಬೆಂಗಳೂರು, ಅಮೆರಿಕ ಸೇರಿ, ದೊಡ್ಡ ತೊಟ್ಟಿಮನೆಯಲ್ಲಿ ಒಬ್ಬರೇ ದೀಪ ಹಚ್ಚಿ ಕುಳಿತ ಹಿರಿಯರು ಮಲೆನಾಡಿನಲ್ಲಿ ಎಷ್ಟಿಲ್ಲ? ಅವರಲ್ಲೊಬ್ಬರು ಮತ್ತೆ ಜೊತೆ ಬಯಸಿದರೆ ಮೊದಲು ಏಳುವುದು ಆಸ್ತಿಯ ಮಾತೇ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಸ್ವಂತ ಸಂಪಾದನೆಯ ಆಸ್ತಿಗೆ ವಿಲ್ ಬರೆಯದೆ ತೀರಿಕೊಂಡವನ ವಿಧವೆಗೆ, ಆಕೆ ಎರಡನೆಯ ಮದುವೆಯ ಪತ್ನಿಯಾದರೂ, ಮಕ್ಕಳಷ್ಟೇ ಒಂದು ಪಾಲಿದೆ. ವಿಲ್ ಬರೆದರೆ ಅವನ ಇಚ್ಛೆಯಂತೆ ಹಂಚಿಕೆಯಾಗುತ್ತದೆ. ಆದ್ದರಿಂದ ಮುಚ್ಚುಮರೆಯಿಲ್ಲದೆ ಮಕ್ಕಳೊಡನೆ ಕುಳಿತು ಮಾತಾಡಿ ಕಾಗದ ಮಾಡಿಟ್ಟರೆ ಅರ್ಧ ವಿರೋಧ ಅಲ್ಲೇ ಕರಗುತ್ತದೆ. ಮಕ್ಕಳಾದವರೂ ತೋಟದ ಲೆಕ್ಕ ಕೇಳುವ ಮುನ್ನ, ಅಪ್ಪ ಇಲ್ಲವೆ ಅಮ್ಮ ರಾತ್ರಿಯ ಊಟ ಯಾರೊಡನೆ ಮಾಡುತ್ತಾರೆಂದು ಒಮ್ಮೆ ವಿಚಾರಿಸಲಿ.