ಕೆಎ 20, ಬಾಗಿಲ ಬದಿಯ ಸೀಟು

ಬಸ್ಸಿನ ಫೋಟೋ ತೆಗೆಯುವ ಹವ್ಯಾಸ ಇರುವವರಿಗೆ ಒಂದೇ ಪ್ರಶ್ನೆ ಮೂರು ಕಡೆಯಿಂದ ಬರುತ್ತದೆ. ಮನೆಯಲ್ಲಿ, "ಅದರಿಂದ ಎಂತ ಸಿಕ್ಕತ್ತ್?" ಕಾಲೇಜಿನಲ್ಲಿ, "ರೈಲಾದರೆ ಸರಿ, ವಿಮಾನವಾದರೆ ಇನ್ನೂ ಸರಿ, ಬಸ್ಸು ಯಾಕೋ?" ಬಸ್ ನಿಲ್ದಾಣದಲ್ಲಿ ಏಜೆಂಟರು ಅನುಮಾನದಿಂದಲೇ ಶುರು ಮಾಡುತ್ತಾರೆ: "ಹ್ವಾಯ್, ನೀವ್ ಆರ್‌ಟಿಒ ಕಡೆಯವ್ರಾ?"

ಮೊದಲ ಎರಡಕ್ಕೆ ನನ್ನಲ್ಲಿ ಒಳ್ಳೆಯ ಉತ್ತರ ಇಲ್ಲ. ಮೂರನೆಯದಕ್ಕೆ ಕಾಲೇಜಿನ ಐಡಿ ಕಾರ್ಡ್ ಇದೆ. ಅದನ್ನು ತೋರಿಸಿ, ಫೋನಿನಲ್ಲಿರುವ ನಾಲ್ಕು ಹಳೆಯ ಫೋಟೋ ತೋರಿಸಿದರೆ ಆಯಿತು. ಐದು ನಿಮಿಷದಲ್ಲಿ ಅದೇ ಏಜೆಂಟರು "ಈಗ ಬಪ್ಪು ಗಾಡಿ ಕಾಣಿ, ಹೊಸ ಪೇಂಟಿಂಗ್ ಆಯ್ತ್, ಅದ್ರ ತೆಗೀನಿ" ಎಂದು ನಮಗೇ ಮಾರ್ಗದರ್ಶನ ಮಾಡುತ್ತಾರೆ.

ಹಾಗೆ ನೋಡಿದರೆ ನಾವೇನು ಲೋಕದಲ್ಲಿ ಒಬ್ಬಂಟಿಗಳಲ್ಲ. ಇಂಗ್ಲೆಂಡಿನಲ್ಲಿ ಬಸ್ಸುಪ್ರಿಯರ ಓಮ್ನಿಬಸ್ ಸೊಸೈಟಿ ಹುಟ್ಟಿದ್ದು 1929ರಲ್ಲಿ. ನಮ್ಮ ಊರಿನ ಅರ್ಧ ಮನೆಗಳಿಗೆ ನಂಟಿರುವ ಮುಂಬಯಿಯಲ್ಲಿ, ಬೆಸ್ಟ್‌ನ ಡೀಸೆಲ್ ಡಬಲ್ ಡೆಕ್ಕರ್ 2023ರ ಸೆಪ್ಟೆಂಬರ್ 15ರಂದು ಕೊನೆಯ ಬಾರಿ ಓಡಿದಾಗ ಜನ ಹೂವಿನ ಹಾರ ಹಾಕಿ ಬೀಳ್ಕೊಟ್ಟರು. ಕುಂದಾಪುರದಲ್ಲಿ ಒಂದು ಬಸ್ಸು ನಿಂತುಹೋದರೆ ಹಾರ ಹಾಕುವುದಿಲ್ಲ. ಒಂದು ವಾರ ಸ್ಟಾಪಿನಲ್ಲಿ ಕಾಯುತ್ತಾರೆ, ಆಮೇಲೆ ಸ್ಕೂಟಿ ತೆಗೆದುಕೊಳ್ಳುತ್ತಾರೆ, ಅಷ್ಟೆ.

ಇಂಟರ್ನಲ್ಸ್ ಮುಗಿದ ಮರುದಿನದ ಶನಿವಾರವನ್ನು ಪೂರ್ತಿ ಬಸ್ಸಿಗೇ ಕೊಟ್ಟೆ. ದಾರಿ ನಿರ್ಧರಿಸಿದ್ದು ನಾನಲ್ಲ, ಸೂರ್ಯ. ರಾಷ್ಟ್ರೀಯ ಹೆದ್ದಾರಿ 66 ನಮ್ಮಲ್ಲಿ ಹೆಚ್ಚುಕಡಿಮೆ ಉತ್ತರ ದಕ್ಷಿಣವಾಗಿ ಓಡುತ್ತದೆ. ಬಸ್ಸಿನ ಚಂದ ಇರುವುದು ಬಾಗಿಲ ಬದಿಯಲ್ಲಿ, ಅಂದರೆ ಎಡಬದಿಯಲ್ಲಿ: ಹೆಸರು, ಊರುಗಳ ಪಟ್ಟಿ, ದೇವರ ಚಿತ್ರ ಎಲ್ಲ ಅಲ್ಲಿ ಚೆನ್ನಾಗಿ ಕಾಣುತ್ತವೆ. ಬೆಳಿಗ್ಗೆ ಉಡುಪಿ ಕಡೆಗೆ ಹೋಗುವ ಬಸ್ಸಿನ ಎಡಬದಿ ಪೂರ್ವಕ್ಕಿರುತ್ತದೆ. ಎಳೆ ಬಿಸಿಲು ನೇರ ಅದರ ಮೇಲೆ ಬೀಳುತ್ತದೆ. ಸಂಜೆ ಬೈಂದೂರು ಕಡೆಗೆ ಹೋಗುವ ಬಸ್ಸಿನ ಎಡಬದಿ ಪಶ್ಚಿಮಕ್ಕೆ. ಹಾಗಾಗಿ ಬೆಳಿಗ್ಗೆ ತೆಂಕು, ಬ್ರಹ್ಮಾವರ. ಮಧ್ಯಾಹ್ನದ ಮೇಲೆ ಬಡಗು, ಬೈಂದೂರು. ಎಂಜಿನಿಯರಿಂಗ್ ಓದಿ ಇಷ್ಟಾದರೂ ಉಪಯೋಗವಾಯಿತು ಎಂದು ಅಪ್ಪನಿಗೆ ಹೇಳಬಹುದು.

ಆರೂವರೆಗೆ ಕುಂದಾಪುರದ ಶಾಸ್ತ್ರಿ ಸರ್ಕಲ್ ಹತ್ತಿರ ನಿಂತರೆ ಒಂದು ಸಣ್ಣ ಮೆರವಣಿಗೆಯೇ ಕಾಣುತ್ತದೆ. ಮೊದಲು ಬೆಂಗಳೂರಿನಿಂದ ರಾತ್ರಿಯಿಡೀ ಓಡಿಬಂದ ಸ್ಲೀಪರ್‌ಗಳು, ಗಾಜಿನ ಮೇಲೆ ಘಾಟಿಯ ಮಂಜು ಒಣಗಿದ ಗುರುತಿನೊಂದಿಗೆ. ಅವುಗಳ ನಡುವೆ ಕೆಎಲ್ 15 ಎಂಬ ನೋಂದಣಿಯ ಕೇರಳ ಸರಕಾರಿ ಬಸ್ಸು, ಕೊಲ್ಲೂರು ಮೂಕಾಂಬಿಕೆಯ ಭಕ್ತರನ್ನು ತುಂಬಿಕೊಂಡು. ಕೆಎಸ್‌ಆರ್‌ಟಿಸಿ ಎಂಬ ಹೆಸರು ಯಾರದ್ದೆಂದು ಎರಡು ರಾಜ್ಯಗಳು ಕೋರ್ಟಿನವರೆಗೆ ಹೋದದ್ದು ನಿಮಗೆ ನೆನಪಿರಬಹುದು. ಇಲ್ಲಿ ಮಾತ್ರ ಆ ಎರಡೂ ಹೆಸರು ಒಂದೇ ಚಹಾದಂಗಡಿಯ ಮುಂದೆ ನಿಲ್ಲುತ್ತವೆ.

ಆಮೇಲೆ ನಮ್ಮವು. ದುರ್ಗಾಂಬಾ, ಭಾರತಿ ಮುಂತಾದ ಖಾಸಗಿ ಬಸ್ಸುಗಳು, ಎಲ್ಲ ಕೆಎ 20. ಹೊರಗಿನ ಜಿಲ್ಲೆಯ ಸ್ನೇಹಿತರಿಗೆ ಇದು ಅರ್ಥವಾಗುವುದಿಲ್ಲ. "ನಿಮ್ಮಲ್ಲಿ ಸರಕಾರಿ ಬಸ್ಸು ಇಲ್ವಾ?" ಎಂದು ಕೇಳುತ್ತಾರೆ. ಇದೆ, ಕುಂದಾಪುರದಲ್ಲಿ ಡಿಪೋವೇ ಇದೆ. ಆದರೆ ಕರಾವಳಿಯ ಬಸ್ಸಿನ ಕತೆ ಬೇರೆ. ಮೈಸೂರು ಸರಕಾರ 1948ರಲ್ಲಿ ತನ್ನದೇ ಬಸ್ಸು ಶುರು ಮಾಡಿದಾಗ ನಾವು ಮೈಸೂರಿನಲ್ಲಿ ಇರಲೇ ಇಲ್ಲ. 1956ರ ನವೆಂಬರ್ 1ರವರೆಗೆ ಈ ಊರುಗಳು ಮದ್ರಾಸಿಗೆ ಸೇರಿದ್ದವು. ಅಷ್ಟರಲ್ಲಿ ಖಾಸಗಿ ಕಂಪೆನಿಗಳು ಇಲ್ಲಿನ ರಸ್ತೆಗಳಲ್ಲಿ ಬೇರುಬಿಟ್ಟಾಗಿತ್ತು. ಸೇತುವೆಗಳಿಲ್ಲದ ಕಾಲದಲ್ಲಿ ಬಸ್ಸು ಹೊಳೆಯ ಈ ದಡದಲ್ಲಿ ನಿಲ್ಲುತ್ತಿತ್ತು, ಜನ ದೋಣಿಯಲ್ಲಿ ದಾಟಿ ಆ ದಡದಲ್ಲಿ ಇನ್ನೊಂದು ಬಸ್ಸು ಹತ್ತುತ್ತಿದ್ದರು ಎಂದು ಅಜ್ಜ ಹೇಳುತ್ತಿದ್ದರು. ಅದರ ಒಂದು ಫೋಟೋ ಎಲ್ಲಾದರೂ ಸಿಕ್ಕೀತೇ ಎಂದು ಇನ್ನೂ ಹುಡುಕುತ್ತಿದ್ದೇನೆ. ನನ್ನ ಹವ್ಯಾಸಕ್ಕೆ ಕಾರಣ ಕೇಳಿದರೆ ಬಹುಶಃ ಆ ಇಲ್ಲದ ಫೋಟೋವೇ.

ಬ್ರಹ್ಮಾವರಕ್ಕೆ ಲೋಕಲ್ ಬಸ್ಸನ್ನೇ ಹತ್ತಿದೆ. ಎಕ್ಸ್‌ಪ್ರೆಸ್ ಬೇಗ ಹೋಗುತ್ತದೆ, ಆದರೆ ಊರು ಕಾಣುವುದಿಲ್ಲ. ಲೋಕಲ್‌ನಲ್ಲಿ ಬಾಗಿಲ ಬದಿಯ ಮೊದಲ ಸೀಟು ಸಿಕ್ಕಿತು. ಹಳೆಯ ಟಾಟಾ 1512. ಈ ನಂಬರಿಗೆ ಅರ್ಥ ಇದೆ: ಸುಮಾರು 15 ಟನ್ ಒಟ್ಟು ತೂಕ, ಸುಮಾರು 120 ಅಶ್ವಶಕ್ತಿ. ಅದರ 697 ಎಂಜಿನ್ನಿನ ಹೆಸರನ್ನೂ ಬಿಡಿಸಬಹುದು, ಆರು ಸಿಲಿಂಡರ್, 97 ಮಿಲಿಮೀಟರ್ ಬೋರ್. ಸ್ಟ್ರೋಕ್ 128 ಮಿಲಿಮೀಟರ್ ಎಂದು ಗೊತ್ತಿದ್ದರೆ ಉಳಿದದ್ದು ಹೈಸ್ಕೂಲಿನ ಲೆಕ್ಕ, ಸಿಲಿಂಡರಿನ ಘನಫಲ ಗುಣಿಸು ಆರು: 5,675 ಸಿಸಿ. ವೈವಾದಲ್ಲಿ ಎಂಜಿನ್ ಡಿಸ್‌ಪ್ಲೇಸ್‌ಮೆಂಟ್ ಕೇಳಿದಾಗ ನಾನು ಪುಸ್ತಕದ ಉದಾಹರಣೆ ಬಿಟ್ಟು ಇದನ್ನೇ ಹೇಳಿದ್ದೆ. ಮೇಡಂ ಒಂದು ಕ್ಷಣ ನೋಡಿ, "ಯಾವ ಬಸ್ಸಿಗೆ ಬರ್ತೀಯ?" ಎಂದು ಕೇಳಿದರು.

ಕೋಟೇಶ್ವರ, ಕುಂಭಾಶಿ, ತೆಕ್ಕಟ್ಟೆ, ಕೋಟ, ಸಾಲಿಗ್ರಾಮ, ಸಾಸ್ತಾನ. ಚತುಷ್ಪಥ ಆದ ಮೇಲೆ ಲೋಕಲ್ ಬಸ್ಸಿನ ಪಾಡು ವಿಚಿತ್ರ. ರಸ್ತೆ ಅಗಲವಾಯಿತು, ಆದರೆ ಪೇಟೆ ರಸ್ತೆಯ ಎರಡೂ ಬದಿಗೆ ಹರಿದುಹೋಯಿತು. ಬಸ್ಸು ಒಮ್ಮೆ ಸರ್ವಿಸ್ ರಸ್ತೆಗೆ ಇಳಿಯಬೇಕು, ಒಮ್ಮೆ ಹೆದ್ದಾರಿಗೆ ಏರಬೇಕು. ಅಜ್ಜಿಯೊಬ್ಬರು ಇಳಿದು, ಆಚೆ ಬದಿಯ ತಮ್ಮ ಮನೆ ಕಡೆ ನೋಡಿ, ಡಿವೈಡರ್ ನೋಡಿ, ಚೀಲ ಹೊತ್ತು ಜಂಕ್ಷನ್ನಿನತ್ತ ನಡೆದರು. ಮನೆ ಎದುರಲ್ಲೇ ಇದೆ, ದಾರಿ ಮಾತ್ರ ಉದ್ದ.

ಮಾಬುಕಳದಲ್ಲಿ ಸೀತಾನದಿ ದಾಟುವಾಗ ಕಂಡಕ್ಟರರ ಮಾತು ಕೇಳಬೇಕು. ಅಲ್ಲಿಯವರೆಗೆ "ಎಲ್ಲಿಗ್ ಹೋಪ್ದ್?" ಎನ್ನುತ್ತಿದ್ದವರು ಬ್ರಹ್ಮಾವರ ಹತ್ತಿರ ಬಂದ ಹಾಗೆ ಹತ್ತುವವರ ಮುಖ ನೋಡಿ "ಒಡೆಗ್?" ಎಂದು ತುಳುವಿಗೆ ಬದಲಾಗುತ್ತಾರೆ. ಯಾರೂ ಅವರಿಗೆ ಕಲಿಸಿದ್ದಲ್ಲ. ಕುಂದಗನ್ನಡ, ತುಳು, ಕೊಂಕಣಿ, ಬ್ಯಾರಿ, ಕೊಲ್ಲೂರಿನ ದಾರಿಯಾದರೆ ಮಲಯಾಳಂ, ಚಿಲ್ಲರೆ ಎಣಿಸುವ ಹೊತ್ತಿನಲ್ಲಿ ಎಲ್ಲ ಬರುತ್ತದೆ. ಇಂಟರ್ವ್ಯೂಗೆ ಹೋಗುವಾಗ ನಾವು 'ಕಮ್ಯೂನಿಕೇಶನ್ ಸ್ಕಿಲ್ಸ್' ಎಂದು ಬರೆಯುತ್ತೇವಲ್ಲ, ಬರೆಯುವ ಹಕ್ಕು ಇವರಿಗೆ.

ಬ್ರಹ್ಮಾವರದ ಆಕಾಶವಾಣಿ ಸರ್ಕಲ್ ಹತ್ತಿರ ಎರಡು ತಾಸು ನಿಂತೆ. ಫೋಟೋದ ಒಂದು ಗುಟ್ಟು ಹೇಳುತ್ತೇನೆ. ಹೊಸ ಬಸ್ಸುಗಳ ಎಲ್‌ಇಡಿ ಬೋರ್ಡು ಕಣ್ಣಿಗೆ ಪೂರ್ತಿ ಕಂಡರೂ ಫೋಟೋದಲ್ಲಿ ಅರ್ಧ ಅಕ್ಷರ ಮಾತ್ರ ಬೀಳುತ್ತದೆ, ಏಕೆಂದರೆ ಅದರ ದೀಪಗಳು ಸಾಲುಸಾಲಾಗಿ ಉರಿದು ಆರುತ್ತವೆ. ಶಟರ್ ನಿಧಾನ ಮಾಡಿದರೆ ಬೋರ್ಡು ಸರಿ ಬರುತ್ತದೆ, ಆದರೆ ಓಡುವ ಬಸ್ಸು ಕದಡುತ್ತದೆ. ಹಳ್ಳಿ ಬಸ್ಸಿಗೆ ಈ ತಲೆನೋವಿಲ್ಲ. ಅವುಗಳಲ್ಲಿ ಬಣ್ಣದಲ್ಲಿ ಕೈಬರಹ. ಬಾರ್ಕೂರು, ಮಂದಾರ್ತಿ, ಪೇತ್ರಿ, ಹೆಬ್ರಿ, ಒಂದೊಂದು ಬಸ್ಸಿನ ಮೇಲೂ 'ರ'ಕಾರದ ಬಾಲ ಬೇರೆ ಬೇರೆ. ಬರೆದ ಪೇಂಟರ್ ಯಾರೆಂದು ಆ ಬಾಲ ನೋಡಿ ಹೇಳುವ ಹಿರಿಯ ಹವ್ಯಾಸಿಗಳಿದ್ದಾರೆ. ನಾನು ಅಷ್ಟು ಮುಂದುವರಿದಿಲ್ಲ.

ಅಂಥದ್ದೇ ಒಂದು ಬಸ್ಸು ಹತ್ತಿ ಒಳಗಿನ ಊರೊಂದಕ್ಕೆ ಹೋದೆ. ಊರಿನ ಹೆಸರು ಬೇಡ; ಮಾಲಕರು ಇನ್ನೂ ತೀರ್ಮಾನ ಮಾಡಿಲ್ಲವಂತೆ. ಹೊರಡುವಾಗ ನನ್ನನ್ನೂ ಸೇರಿಸಿ ಹದಿನಾಲ್ಕು ಜನ. ಕೊನೆಯ ಸ್ಟಾಪಿಗೆ ಮೂವರು. ಡ್ರೈವರ್ ಎಂಜಿನ್ ಬಂದ್ ಮಾಡಿ ಹುಣಸೆಮರದ ನೆರಳಲ್ಲಿ ಬುತ್ತಿ ಬಿಚ್ಚಿದರು. ಕಂಡಕ್ಟರ್ ಹೇಳಿದರು, ಮಧ್ಯಾಹ್ನದ ಈ ಟ್ರಿಪ್ ಶಾಲೆಗಳಿಗೆ ರಜೆ ಸಿಗುವವರೆಗೆ ಮಾತ್ರ ಓಡಬಹುದು, ಆಮೇಲೆ ಡೌಟು. ಡೀಸೆಲ್ ಹುಟ್ಟುತ್ತಿಲ್ಲ.

ಕಾರಣ ಒಂದೇ ಅಲ್ಲ. ಮನೆಗೊಂದು ಸ್ಕೂಟರ್ ಬಂದದ್ದು ಮೊದಲನೆಯದು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ, ಮುಖ್ಯರಸ್ತೆಗೆ ಬಂದು ಸರಕಾರಿ ಬಸ್ಸು ಸಿಗುವಷ್ಟು ಹತ್ತಿರ ಇರುವ ಮಹಿಳೆಯರು ಸಹಜವಾಗಿ ಅದಕ್ಕೆ ಕಾಯುತ್ತಾರೆ. ಅವರನ್ನು ತಪ್ಪು ಹೇಳುವಂತಿಲ್ಲ. ತಿಂಗಳಿಗೆ ಉಳಿಯುವ ದುಡ್ಡು ಸಣ್ಣದಲ್ಲ. ಆದರೆ ನನ್ನ ಹಿಂದಿನ ಸೀಟಿನಲ್ಲಿದ್ದ ಪಿಯುಸಿ ಹುಡುಗಿಯ ಊರಿಗೆ ಸರಕಾರಿ ಬಸ್ಸೇ ಇಲ್ಲ. ಅವಳಿಗೆ ಶಕ್ತಿಯೂ ಇಲ್ಲ, ಟ್ರಿಪ್ಪೂ ಇರುವುದಿಲ್ಲ. "ಶನಿವಾರ ಅರ್ಧ ದಿನ ಕ್ಲಾಸು. ಇದು ಇಲ್ಲದಿದ್ದರೆ ಸಂಜೆವರೆಗೆ ಕೂತಿರಬೇಕು" ಎಂದಳು. ಮುಂದೆ ಡಿಗ್ರಿಗೆ ಕುಂದಾಪುರವೋ ಉಡುಪಿಯೋ ಎಂದು ಕೇಳಿದೆ. ಯಾವ ಕೋರ್ಸ್ ಎಂದು ಹೇಳುವ ಮೊದಲು ಅವಳು ಹೇಳಿದ್ದು ಮನೆಗೆ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು. ನಮ್ಮಲ್ಲಿ ಎಷ್ಟೋ ಜನರ ಕಾಂಬಿನೇಶನ್ ಆಯ್ಕೆಯಾಗುವುದು ಹೀಗೆ. ಕೌನ್ಸೆಲಿಂಗ್‌ನಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಖಾಸಗಿ ಬಸ್ಸಿನ ಸಮಯ ಮಾಲಕರ ಇಷ್ಟದಂತೆ ಇರುವುದಲ್ಲ ಎಂಬುದು ಹಲವರಿಗೆ ಗೊತ್ತಿಲ್ಲ. ಮೋಟಾರು ವಾಹನ ಕಾಯ್ದೆಯಡಿ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ ಪರ್ಮಿಟ್ ಕೊಡುತ್ತದೆ. ದಾರಿ, ಟ್ರಿಪ್, ಸಮಯ ಎಲ್ಲ ಅದರಲ್ಲಿ ಇರುತ್ತದೆ. ಆದರೆ ಆ ಸಮಯದ ಪಟ್ಟಿ ಸ್ಟಾಪಿನಲ್ಲಿ ಕಾಯುವವನ ಕಣ್ಣಿಗೆ ಬೀಳುವುದು ಅಪರೂಪ. ಎಲ್ಲ ಇರುವುದು ಕಂಡಕ್ಟರರ, ಅಂಗಡಿಯವರ, ಹಾಲಿನ ಡೈರಿಯವರ ತಲೆಯಲ್ಲಿ. ನನ್ನ ಬ್ಯಾಗಿನಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ಹೋದ ಕಡೆಯಲ್ಲೆಲ್ಲ ಯಾವ ಬಸ್ಸು ಎಷ್ಟಕ್ಕೆ ಬಂತು ಎಂದು ಬರೆಯುತ್ತೇನೆ. ಕೊನೆಯ ಸ್ಟಾಪಿನ ಅಂಗಡಿಯವರು ಅದನ್ನು ನೋಡಿ, ತಮ್ಮ ಸ್ಟಾಪಿನದ್ದು ಬರೆದುಕೊಡಲು ಹೇಳಿದರು. ಕಂಡಕ್ಟರ್ ಹೇಳಿದಂತೆ ಬರೆದೆ, ಒಟ್ಟು ಏಳು ಟ್ರಿಪ್. ಮಧ್ಯಾಹ್ನದ್ದನ್ನೂ ಸೇರಿಸಿದೆ. ಅಂಗಡಿಯವರು ಅದನ್ನು ಬಾಳೆಗೊನೆಯ ಪಕ್ಕ ಅಂಟಿಸಿ, ನನಗೆ ಒಂದು ಸೋಡಾ ಶರಬತ್ತು ಕೊಟ್ಟರು.

ಮರಳಿ ಕುಂದಾಪುರ, ಅಲ್ಲಿಂದ ಬೈಂದೂರಿನ ಬಸ್ಸು. ಹೆಮ್ಮಾಡಿ ಕಳೆದು, ತ್ರಾಸಿಯಲ್ಲಿ ಗಂಗೊಳ್ಳಿಯ ದಾರಿ ಕವಲೊಡೆಯುತ್ತದೆ. ಕುಂದಾಪುರದ ಹೊಳೆದಂಡೆಯಲ್ಲಿ ನಿಂತರೆ ಎದುರು ದಡದಲ್ಲೇ ಕಾಣುವ ಗಂಗೊಳ್ಳಿಗೆ ಬಸ್ಸಿನಲ್ಲಿ ಇಷ್ಟು ದೂರ ಬಂದು ತಿರುಗಬೇಕು. ಪಂಚಗಂಗಾವಳಿ ನಮ್ಮ ನಕ್ಷೆಯನ್ನು ಮಡಚಿಟ್ಟಿದೆ, ಬಸ್ಸು ಅದನ್ನು ಬಿಡಿಸಿಕೊಂಡು ಹೋಗುತ್ತದೆ.

ಬೈಂದೂರು 2018ರಲ್ಲಿ ತಾಲೂಕಾಯಿತು, ಬ್ರಹ್ಮಾವರದ ಜತೆಗೇ. ಬಸ್ಸುಪ್ರಿಯನಿಗೆ ಅದು ಗಡಿಯೂರು. ಶಿರೂರು ದಾಟಿದರೆ ಭಟ್ಕಳ, ಉತ್ತರ ಕನ್ನಡ. ಹಾಗಾಗಿ ಇಲ್ಲಿ ಒಂದೇ ನಿಲ್ದಾಣದಲ್ಲಿ ಮೂರು ಕುಲದ ಬಸ್ಸು ಸಿಗುತ್ತದೆ: ನಮ್ಮ ಖಾಸಗಿ ಕೆಎ 20, ಮಂಗಳೂರು ವಿಭಾಗದ ಕೆಎ 19 ಎಫ್, ವಾಯವ್ಯ ಸಾರಿಗೆಯ ಕೆಎ 31 ಎಫ್. ಆ 'ಎಫ್' ಅಕ್ಷರ ಕಂಡರೆ ಸರಕಾರಿ ನಿಗಮದ ಗಾಡಿ ಎಂದರ್ಥ. ಮೂರನ್ನೂ ಒಂದೇ ಫ್ರೇಮಿನಲ್ಲಿ ಹಿಡಿಯಲು ಮುಕ್ಕಾಲು ಗಂಟೆ ಕಾದೆ. ಹಿಡಿದ ಕ್ಷಣಕ್ಕೆ ಸರಿಯಾಗಿ ಒಂದು ಮೀನಿನ ಟೆಂಪೋ ಅಡ್ಡ ಬಂತು. ಟೆಂಪೋ ಕೂಡ ಚೆನ್ನಾಗಿಯೇ ಬಂದಿದೆ ಫೋಟೋದಲ್ಲಿ.

ಅಲ್ಲಿ ಒಬ್ಬರು ಡ್ರೈವರ್ ಮಾತಿಗೆ ಸಿಕ್ಕರು. ಇಪ್ಪತ್ತೆರಡು ವರ್ಷದ ಸರ್ವಿಸ್. ಹೊಸ ಹುಡುಗರು ಈ ಕೆಲಸಕ್ಕೆ ಬರುತ್ತಿಲ್ಲ, ಬಂದವರು ಗಲ್ಫಿಗೋ ಬೆಂಗಳೂರಿಗೋ ಹೋಗುತ್ತಾರೆ ಎಂದರು. ಸಾರಿಗೆ ವಾಹನ ಓಡಿಸಲು ಕಾನೂನಿನ ಪ್ರಕಾರ 20 ವರ್ಷ ತುಂಬಿರಬೇಕು. ನನಗೆ ತುಂಬಿದೆ ಎಂದೆ. ಅವರು ನನ್ನ ಐಡಿ ಕಾರ್ಡ್ ನೋಡಿ, "ಬಿಇ ಮುಗ್ಸಿ ಬನ್ನಿ, ಅಷ್ಟೊತ್ತಿಗೆ ನಮ್ಮಲ್ಲೇ ಸಂಬ್ಳ ಜಾಸ್ತಿ ಆಯ್ತ್" ಎಂದು ನಕ್ಕರು. ಕ್ಯಾಂಪಸ್ ಪ್ಲೇಸ್‌ಮೆಂಟಿನ ಈ ವರ್ಷದ ಸುದ್ದಿ ಕೇಳಿದವರಿಗೆ ಅದು ಪೂರ್ತಿ ತಮಾಷೆಯಾಗಿ ಕೇಳಿಸಲಿಕ್ಕಿಲ್ಲ. ಅಮ್ಮನಿಗೆ ಈ ಸಂಭಾಷಣೆ ಹೇಳಿಲ್ಲ.

ಐದು ಗಂಟೆಗೆ ಮರವಂತೆಯಲ್ಲಿ ಇಳಿದೆ. ಒಂದು ಬದಿ ಸಮುದ್ರ, ಒಂದು ಬದಿ ಸೌಪರ್ಣಿಕಾ, ನಡುವೆ ರಸ್ತೆ. ಕಾರಿನವರೆಲ್ಲ ಸಮುದ್ರಕ್ಕೆ ಮುಖ ಮಾಡಿ ಸೆಲ್ಫಿ ತೆಗೆಯುತ್ತಿದ್ದರು. ನಾನು ಸಮುದ್ರಕ್ಕೆ ಬೆನ್ನು ಹಾಕಿ, ರಸ್ತೆಯಿಂದ ಸಾಕಷ್ಟು ಹಿಂದೆ ನಿಂತೆ. ಬೈಂದೂರಿಗೆ ಹೋಗುವ ಬಸ್ಸಿನ ಮೇಲೆ ಇಳಿಬಿಸಿಲು, ಅದರ ಹಿಂದೆ ಹೊಳೆ, ಅದರಾಚೆ ತೆಂಗು, ಕೊನೆಗೆ ಕೊಡಚಾದ್ರಿ ಕಡೆಯ ಬೆಟ್ಟಗಳ ನೀಲಿ. ಹನ್ನೊಂದು ಬಸ್ಸು ಬಂದವು. ಏಳರಲ್ಲಿ ಡ್ರೈವರುಗಳು ಕೈ ಎತ್ತಿದರು, ಒಬ್ಬರು ಏರ್ ಹಾರ್ನ್‌ನಲ್ಲಿ ಒಂದು ಇಡೀ ರಾಗವನ್ನೇ ನುಡಿಸಿದರು. ಸೆಲ್ಫಿಯವರೆಲ್ಲ ಬೆಚ್ಚಿ ತಿರುಗಿದರು.

ಕತ್ತಲಾದ ಮೇಲೆ ಕುಂದಾಪುರದ ಲೋಕಲ್ ಹತ್ತಿದೆ. ಕಂಡಕ್ಟರ್ ಫೋಟೋಗಳನ್ನು ಒಂದೊಂದಾಗಿ ಸರಿಸಿ ನೋಡಿ, ತಮ್ಮ ಬಸ್ಸಿನದ್ದು ಬಂದಾಗ ನಿಲ್ಲಿಸಿದರು. ಹಿಗ್ಗಿಸಿ ನಂಬರ್ ಪ್ಲೇಟ್ ನೋಡಿದರು, ಹಿಗ್ಗಿಸಿ ಬಾಗಿಲಲ್ಲಿ ನಿಂತ ತಮ್ಮನ್ನೂ ನೋಡಿದರು. "ಇದ್ರ ನಂಗೆ ಕಳ್ಸಿ, ಡಿಪಿ ಹಾಕ್ತೆ" ಎಂದು ನಂಬರ್ ಕೊಟ್ಟರು. ಕಳಿಸಿದೆ. ಟಿಕೆಟಿಗೆ ಮಾತ್ರ ಪೂರ್ತಿ ದುಡ್ಡು ತೆಗೆದುಕೊಂಡರು.