ಪಂಕ್ತಿವಿಚ್ಛೇದದ ಸೂತ್ರವೂ ಅದರ ಉದಾಹರಣೆಯೂ

ಸೂತ್ರವು ಒಂದನ್ನು ವಿಧಿಸಿ, ಅದಕ್ಕೆ ಕೊಟ್ಟ ಉದಾಹರಣೆಯು ಇನ್ನೊಂದನ್ನು ತೋರಿಸಿದರೆ ಅಧ್ಯೇತೃಗಳಿಗೆ ಯಾವುದು ಪ್ರಮಾಣ? ಭಟ್ಟಾಕಳಂಕದೇವನು 1604ರಲ್ಲಿ ರಚಿಸಿದ ‘ಕರ್ಣಾಟಕ ಶಬ್ದಾನುಶಾಸನ’ದಲ್ಲಿ ಸೂತ್ರ, ವೃತ್ತಿ, ವ್ಯಾಖ್ಯಾನಗಳು ಮೂರೂ ಅವನವೇ ಆದುದರಿಂದ ಈ ಸಂದೇಹಕ್ಕೆ ಅಲ್ಲಿ ಎಡೆ ಕಡಿಮೆ. ಗಣಕಯಂತ್ರಗಳಲ್ಲಿ ಲಿಪಿಗಳಿಗೆ ಆಧಾರವಾದ ಯುನಿಕೋಡ್ ವ್ಯವಸ್ಥೆಯ 14ನೆಯ ಅನುಬಂಧದಲ್ಲಾದರೋ ಅದು ಬಹುಕಾಲ ಉಳಿದಿತ್ತು. ಬರಹದ ಸಾಲು ಎಲ್ಲಿ ಮುರಿಯಬಹುದು, ಎಲ್ಲಿ ಮುರಿಯಕೂಡದು ಎಂಬುದನ್ನು ವಿಧಿಸುವ ಅನುಬಂಧವಿದು. ಇದರೊಡನೆ ಒಂದು ಪರೀಕ್ಷಾಪಾಠವೂ ಪ್ರಕಟವಾಗುತ್ತದೆ.

ವಿರೋಧವಿದ್ದುದು ಸಂಖ್ಯೆಗಳನ್ನು ಕುರಿತ 25ನೆಯ ಸೂತ್ರದಲ್ಲಿ. ರೂಪಾಯಿಯ ಚಿಹ್ನೆಯ ಮುಂದೆ ಆವರಣವು ತೆರೆದಿದ್ದರೆ, ಒಳಗೆ ಅಂಕಿಯಿರಲಿ ಇಲ್ಲದಿರಲಿ, ನಡುವೆ ಸಾಲು ಮುರಿಯಕೂಡದೆಂದು ಸೂತ್ರ. ಅಂಕಿಯಿಲ್ಲದಲ್ಲಿ ಮುರಿಯಬಹುದೆಂದು ಪರೀಕ್ಷಾಪಾಠ. ಪರೀಕ್ಷಾಪಾಠವು ಅನುಸರಿಸಿದ್ದುದು ಅದೇ ಅನುಬಂಧದಲ್ಲಿ ಮುಂದೆ ವಿಕಲ್ಪವಾಗಿ ಹೇಳಿದ್ದ ಸೂಕ್ಷ್ಮತರ ವಿಧಿಯನ್ನು. ಸೂತ್ರವನ್ನು ಅಕ್ಷರಶಃ ಪಾಲಿಸಿದವನೇ ಪರೀಕ್ಷೆಯಲ್ಲಿ ಸೋಲುತ್ತಿದ್ದನು! 2024ರ 16ನೆಯ ಆವೃತ್ತಿಯಲ್ಲಿ ಆ ವಿಕಲ್ಪವನ್ನೇ ಸೂತ್ರವಾಗಿಸಲಾಯಿತು.

ಹಸ್ತಪ್ರತಿ ಸಂಪಾದಕರಿಗೆ ಇದಕ್ಕಿಂತ ತೊಡಕಿನ ವಿಷಯ ಬೇರೊಂದಿದೆ. ಓಲೆಗರಿಯಲ್ಲಿ ಪದಗಳ ನಡುವೆ ತೆರಪಿಲ್ಲ. ಗರಿಯ ಅಂಚೋ ದಾರದ ರಂಧ್ರವೋ ಎದುರಾದಲ್ಲಿ ಲಿಪಿಕಾರನು ಪದಮಧ್ಯದಲ್ಲಿಯೇ ನಿಂತು ಮುಂದಿನ ಅಕ್ಷರವನ್ನು ಆಚೆಗೆ ಬರೆಯುತ್ತಾನೆ. ಅನುಬಂಧವು ಒತ್ತಕ್ಷರವನ್ನು ಒಡೆಯಗೊಡದು, ಅದು ಯುಕ್ತವೇ. ಆದರೆ ಕನ್ನಡದ ಸಾಲು ತೆರಪಿನಲ್ಲಿಯೋ ವಿರಾಮಚಿಹ್ನೆಯ ಬಳಿಕವೋ ಮುರಿಯಬೇಕಲ್ಲದೆ ಪದಮಧ್ಯದಲ್ಲಿ ಮುರಿಯುವಂತಿಲ್ಲ. ಅಕ್ಷರಾಕ್ಷರವಾಗಿ ಮುರಿಯುವ ವಿಧಿಯನ್ನು 2023ರ ಆವೃತ್ತಿಯಲ್ಲಿ ಬ್ರಾಹ್ಮಿ, ಗ್ರಂಥ ಮೊದಲಾದ ಕೆಲವು ಲಿಪಿಗಳಿಗೆ ಸೇರಿಸಲಾಗಿದೆ. ನವಲಿಯನ್ನೊಳಗೊಂಡ ಜಿಲ್ಲೆಯ ಕೇಂದ್ರವೂ ಪ್ರಾಚೀನ ಜೈನತೀರ್ಥವೂ ಆದ ಕೊಪಣದ, ಅಂದರೆ ಇಂದಿನ ಕೊಪ್ಪಳದ, ಗವಿಮಠ ಪಾಲ್ಕಿಗುಂಡುಗಳಲ್ಲಿರುವ ಅಶೋಕನ ಶಾಸನಗಳ ಲಿಪಿಗೆ ದೊರೆತ ಈ ಸೌಕರ್ಯವು ಅದರ ಸಂತತಿಯಾದ ಕನ್ನಡಕ್ಕೆ ದೊರೆತಿಲ್ಲ. ಇಂದಿನ ಮುದ್ರಣಕ್ಕೆ ಇದರಿಂದ ಬಾಧಕವಿಲ್ಲ. ಗರಿಯನ್ನು ಇದ್ದಂತೆಯೇ ನಕಲಿಸುವವನಿಗೆ ಮಾತ್ರ ದೀರ್ಘವಾದ ಪಂಕ್ತಿಯಲ್ಲಿ ವಿಧಿಸಮ್ಮತವಾದ ವಿಚ್ಛೇದಸ್ಥಾನವೇ ಸಿಕ್ಕದು.

ಪದ್ಯಸಂಖ್ಯೆಯ ಪಾಡು ಇನ್ನೂ ಅಪಾಯಕರ. ॥೧॥ ಎಂಬಲ್ಲಿ ಮೊದಲನೆಯ ದಂಡದ ಬಳಿಕ ಸಾಲು ಮುರಿಯಲು ಸೂತ್ರದಲ್ಲಿ ಅನುಮತಿಯಿದೆ. ಹಾಗೆ ಮುರಿದಾಗ ಅಂಕಿಯು ಕೆಳಗಿನ ಸಾಲಿನ ತಲೆಗೆ ಬಂದು ಮುಂದಿನ ಪದ್ಯದ ಸಂಖ್ಯೆಯಂತೆ ತೋರುತ್ತದೆ. ಪಾಠಾಂತರಗಳನ್ನು ಪದ್ಯಸಂಖ್ಯೆಯಿಂದಲೇ ಗುರುತಿಸುವ ಸಂಪಾದಕನು ಒಂದೊಂದು ಪದ್ಯದಷ್ಟು ದಾರಿ ತಪ್ಪಬಹುದು. ದಂಡಕ್ಕೂ ಅಂಕಿಗೂ ನಡುವೆ ಕಣ್ಣಿಗೆ ಕಾಣದ ಜೋಡಣೆಯ ಗುರುತನ್ನು ಸೇರಿಸಿದರೆ ಅವು ಬೇರ್ಪಡುವುದಿಲ್ಲ. ತೆರಪು ಬೇಕೆನಿಸಿದರೆ ಆ ಗುರುತಿನ ಬಳಿಕ ಒಡೆಯದ ತೆರಪನ್ನು ಇಡತಕ್ಕದ್ದು. ಗರಿಯ ಪಂಕ್ತಿ ಮುಗಿದಲ್ಲಿ ಓರೆಗೆರೆಯನ್ನು ಹಾಕುವುದು ಒಳಿತು. ಅದರಿಂದ ಮೂಲದ ವಿಚ್ಛೇದವೂ ಉಳಿಯುತ್ತದೆ, ಅದರ ಮುಂದೆ ಕನ್ನಡದ ಅಕ್ಷರವಿದ್ದಲ್ಲಿ ಸಾಲು ಮುರಿಯಲು ಸೂತ್ರದ ಸಮ್ಮತಿಯೂ ದೊರೆಯುತ್ತದೆ.