ಮೀನು ಉಳಿದವು, ಸೀಗಡಿ ಸತ್ತವು

ಗುರುಗುಂಟಾದ ನಮ್ಮ ಮನೆಯಲ್ಲಿ ಗಿಡ ನೆಟ್ಟ ಸಣ್ಣ ಅಕ್ವೇರಿಯಂ ಇದೆ. ಹೋದ ವರ್ಷ ಹತ್ತಿಗೆ ಇಮಿಡಾಕ್ಲೋಪ್ರಿಡ್ ಹೊಡೆದು ಬಂದವನು ಬರೀ ನೀರಲ್ಲಿ ಕೈ ತೊಳೆದು, ತೊಟ್ಟಿಯ ಗಿಡ ಸರಿ ಮಾಡಿದೆ. ಬೆಳಿಗ್ಗೆ ನೋಡಿದರೆ ಚೆರ್ರಿ ಸೀಗಡಿ ಒಂದೂ ಉಳಿದಿರಲಿಲ್ಲ. ಮೀನುಗಳು ಮಾತ್ರ ಆರಾಮಾಗಿ ಓಡಾಡ್ತಿದ್ದವು!

ಯಾಕೆ ಹೀಗಾಯ್ತು? ಸೀಗಡಿ ಮೀನಲ್ಲ. ಕೀಟಗಳಂತೆ ಅದೂ ಸಂಧಿಪದಿ. ಹಾಗಾಗಿ ಕೀಟದ ನರಕ್ಕೆ ಹೊಡೆಯುವ ಔಷಧಿ ಸೀಗಡಿಗೂ ತಾಗುತ್ತದೆ. ಮೀನು ತಡೆದುಕೊಳ್ಳುವ ಪ್ರಮಾಣವೇ ಅದನ್ನು ಕೊಲ್ಲಬಹುದು. ಮೈಲುತುತ್ತದಲ್ಲಿರುವ ತಾಮ್ರವೂ ಅದಕ್ಕೆ ವಿಷ.

ಈಗ ನಾನು ಪಾಲಿಸುವುದು ಇಷ್ಟು:

1. ಔಷಧಿ ಹೊಡೆದ ದಿನ ತೊಟ್ಟಿಗೆ ಕೈ ಹಾಕಲ್ಲ. ತೊಟ್ಟಿಯ ಬಕೆಟ್ ಬೇರೆಯೇ ಇಟ್ಟಿದ್ದೇನೆ.
2. ಹೊಸ ತೊಟ್ಟಿಗೆ ಗಿಡ ನೆಟ್ಟು, ಫಿಲ್ಟರ್ ಓಡಿಸಿ, ಒಂದು ತಿಂಗಳ ನಂತರವೇ ಸೀಗಡಿ ಬಿಡುತ್ತೇನೆ. ಅಷ್ಟರಲ್ಲಿ ಅಮೋನಿಯಾ ಕರಗಿಸುವ ಬ್ಯಾಕ್ಟೀರಿಯಾ ಬೆಳೆದಿರುತ್ತವೆ.
3. ವಾರಕ್ಕೊಮ್ಮೆ ಹತ್ತರಲ್ಲಿ ಒಂದು ಪಾಲು ನೀರು ಮಾತ್ರ ಬದಲಿಸುತ್ತೇನೆ.
4. ಬೇಸಿಗೆಯಲ್ಲಿ ನೀರು 28 ಡಿಗ್ರಿ ದಾಟದಂತೆ ಮೇಲೆ ಫ್ಯಾನ್ ಗಾಳಿ ಬಿಡುತ್ತೇನೆ.
5. ಕಳಚಿದ ಪೊರೆ ತೆಗೆಯಲ್ಲ. ಸುಣ್ಣದಂಶಕ್ಕಾಗಿ ಅವೇ ತಿನ್ನುತ್ತವೆ.

ಒಂದು ಮಾತು ನೆನಪಿಡ್ರಿ: ತೊಟ್ಟಿಯಲ್ಲಿ ಆದದ್ದು ಹಳ್ಳದಲ್ಲೂ ಆಗುತ್ತೆ. ಔಷಧಿ ಪಂಪನ್ನು ಹಳ್ಳದಲ್ಲಾಗಲಿ, ಕೃಷಿ ಹೊಂಡದಲ್ಲಾಗಲಿ ತೊಳೆಯಬೇಡಿ.